ಕಥನಕ್ರಮವೂ ಪಾತ್ರಯುಗ್ಮವೂ

ಬಾಣನ ‘ಕಾದಂಬರಿ’ಯಲ್ಲಿ ಕಥೆಯೊಳಗೆ ಕಥೆ ಬರುವುದನ್ನು ವೃಥಾ ಜಟಿಲತೆಯೆಂದು ಆಕ್ಷೇಪಿಸುವವರುಂಟು. ಶೂದ್ರಕನಿಗೆ ಗಿಳಿ ಹೇಳುತ್ತದೆ; ಗಿಳಿಯ ಮಾತಿನೊಳಗೆ ಜಾಬಾಲಿ, ಜಾಬಾಲಿಯ ಮಾತಿನೊಳಗೆ ಮಹಾಶ್ವೇತೆ. ನಮ್ಮ ನಾಗವರ್ಮನೂ ತನ್ನ ಚಂಪುವಿನಲ್ಲಿ ಈ ಹೆಣಿಗೆಯನ್ನು ಬಿಚ್ಚಲಿಲ್ಲ. ಲೆಕ್ಕಪುಸ್ತಕದಲ್ಲಾದರೆ ತಾರೀಖು ಹಿಂದುಮುಂದಾಗುವುದು ದೋಷವೇ ಸರಿ; ಇಲ್ಲಿ ಹಾಗಲ್ಲ.

ಮಹಾಶ್ವೇತೆ ನಮಗೆ ಮೊದಲು ಕಾಣುವುದು ಅಚ್ಛೋದ ಸರೋವರದ ತೀರದ ಶಿವಾಲಯದಲ್ಲಿ, ವೀಣೆ ನುಡಿಸುವ ತಪಸ್ವಿನಿಯಾಗಿ. ಪುಂಡರೀಕನಿಗೆ ಒಲಿದ ಹುಡುಗಿ ಈಕೆಯೇ ಎಂದು ತಿಳಿಯುವುದು ಅನಂತರ, ಆಕೆಯ ಬಾಯಿಂದಲೇ. ಕಾದಂಬರಿಯಾದರೋ ಮೊದಲು ಹೊಸ ಒಲವಿನ ತರುಣಿ. ಚಂದ್ರಾಪೀಡನ ನಿಶ್ಚೇಷ್ಟ ದೇಹವನ್ನು ಕಾಯುವವಳಾಗುವುದು ಬಾಣನ ಮಗ ಪೂರೈಸಿದ ಉತ್ತರಭಾಗದಲ್ಲಿ. ಒಲವು, ಅಗಲಿಕೆ, ನಿರೀಕ್ಷೆ—ಇಬ್ಬರ ವಿಧಿಯೂ ಒಂದೇ. ಆದರೆ ಒಬ್ಬಳನ್ನು ಶೋಕದಿಂದ ಒಲವಿನತ್ತ, ಇನ್ನೊಬ್ಬಳನ್ನು ಒಲವಿನಿಂದ ಶೋಕದತ್ತ ನಾವು ಅರಿಯುತ್ತೇವೆ. ಅವರ ವೈದೃಶ್ಯ ಸ್ವಭಾವಕ್ಕಿಂತ ಹೆಚ್ಚಾಗಿ ಕಥನಕ್ರಮದಿಂದ ಹುಟ್ಟಿದ್ದು. ಕಾದಂಬರಿ ನಾಚುವಾಗಲೂ ಗೆಳತಿಯ ತಾಪಸವೇಷ ನಮ್ಮ ಕಣ್ಣಿನಿಂದ ಮರೆಯಾಗುವುದಿಲ್ಲ.

ಚಲಚ್ಚಿತ್ರದಲ್ಲಿ ಇಂಥ ಹೆಣಿಗೆಗೆ ಕೊಪ್ಪೊಲಾನ ‘ಗಾಡ್‌ಫಾದರ್’ ಎರಡನೆಯ ಭಾಗವನ್ನು (1974) ನೋಡಬಹುದು. ತಂದೆ ವೀಟೋ 1901ರಲ್ಲಿ ಅನಾಥ ಬಾಲಕನಾಗಿ ಅಮೆರಿಕೆಗೆ ಬಂದು ಮುಂದೆ ಸಂಸಾರ ಕಟ್ಟುತ್ತಾನೆ. 1958ರ ಕಥಾಭಾಗದಲ್ಲಿ ಮಗ ಮೈಕೇಲ್ ಅದನ್ನು ಕೆಡಿಸಿಕೊಳ್ಳುತ್ತಾನೆ. ಎರಡು ಕಾಲಗಳೂ ಸರದಿಯಾಗಿ ಬರುತ್ತವೆ. ಆದರೆ ಇಲ್ಲಿ ಜೋಡಣೆಯೇ ತೀರ್ಪು ಕೊಟ್ಟುಬಿಡುತ್ತದೆ. ಮಗನ ಪಕ್ಕದಲ್ಲಿಟ್ಟಾಗ ತಂದೆ ಮಾಡಿದ ಕೊಲೆಯೂ ಸೌಮ್ಯವಾಗಿ ತೋರುವುದು ನನಗೆ ಒಪ್ಪಿಗೆಯಿಲ್ಲ. ಕಡೆಗೆ ಬರುವ 1941ರ ಊಟದ ಮನೆಯ ದೃಶ್ಯ ಮಾತ್ರ ಬೇರೆ. ಅಲ್ಲಿ ತಂದೆ ಕಣ್ಣಿಗೆ ಬೀಳುವುದೇ ಇಲ್ಲ. ಒಳಗಡೆ ಎಲ್ಲರೂ ಅವನನ್ನು ಎದುರುಗೊಳ್ಳುತ್ತಿರುವಾಗ ಮೈಕೇಲ್ ಮೇಜಿನ ಬಳಿ ಒಬ್ಬನೇ ಕುಳಿತಿರುತ್ತಾನೆ.