‘ನಾನು ಒಲ್ಲೆ’ ಅನ್ನದ ಮಾಲಕರು

ಅಂಬೇಡ್ಕರರ ‘ವೇಟಿಂಗ್ ಫಾರ್ ಎ ವೀಸಾ’ದ ಬಡೋದೆ ಪ್ರಸಂಗವನ್ನು ನಾವು ಕಣ್ಣೀರಿನ ಕತೆಯಾಗಿಯೇ ಓದುತ್ತ ಬಂದಿದ್ದೇವೆ. ಈ ಓದು ಸಾಲದು. 1917ರಲ್ಲಿ ವಿದೇಶದಿಂದ ಮರಳಿ ಬಡೋದೆ ಸಂಸ್ಥಾನದ ನೌಕರಿಗೆ ಬಂದವರಿಗೆ ವಿದ್ಯೆ ಇತ್ತು, ಪಗಾರ ಇತ್ತು. ಸೂರು ಮಾತ್ರ ಇಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೇ ದಿನ ಬಡಿಗೆ ಹಿಡಿದವರು ಬಂದು ಹೊರಹಾಕಿದರು.

ಬಡಿಗೆಗಿಂತ ಹರಿತವಾದದ್ದು ಇಬ್ಬರು ಗೆಳೆಯರ ಉತ್ತರ. ಹಿಂದೂ ಗೆಳೆಯ ಆಳುಗಳು ಬಿಟ್ಟುಹೋಗುತ್ತಾರೆ ಎಂದ. ಕ್ರೈಸ್ತ ಗೆಳೆಯ ಹೆಂಡತಿಯನ್ನು ಕೇಳಬೇಕು ಎಂದ. ‘ನಾನು ಒಲ್ಲೆ’ ಅಂತ ಯಾರೂ ಅನ್ನಲಿಲ್ಲ. ಬರಹದ ಸತ್ವ ಇರುವುದೇ ಇಲ್ಲಿ.

ಗೋಕಾಕ, ಮೂಡಲಗಿ, ಹುಕ್ಕೇರಿಗೆ ವರ್ಗವಾಗಿ ಬರುವ ದಲಿತ ಮಾಸ್ತರರಿಗೆ ಈ ಭಾಷೆ ಹೊಸದಲ್ಲ. ಮೊದಲು, ‘ಯಾವ ಪೈಕಿರಿ ನೀವು?’ ಆಮೇಲೆ, ‘ನಮ್ಮವ್ವ ಒಲ್ಲೆ ಅಂತಾಳ್ರಿ’, ‘ನಿನ್ನೇನ ಕೊಟ್ಟೇವ್ರಿ’. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಸುತ್ತದೆ. ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ.

ಒಂದೇ ಪಗಾರದ, ಅಷ್ಟೇ ಅಡ್ವಾನ್ಸ್ ಕೊಡುವ ಇಬ್ಬರು ಬಂದರೆ ಮಾಲಕ ‘ಮನಸಿಗೆ ಬಂದವರಿಗೆ ಕೊಟ್ಟೆ’ ಅಂತಾನೆ. ಉಳಿದದ್ದೆಲ್ಲ ಸರಿಸಮ ಇದ್ದಾಗ ಆ ಮನಸು ನೋಡೋದು ಏನನ್ನ? ಜಾತಿಯನ್ನ. ಅದಕ್ಕೇ ಮನಸಿಗೆ ಬಿಡಬಾರದು. ಬಾಡಿಗೆ, ಅಡ್ವಾನ್ಸ್, ಷರತ್ತು ಎಲ್ಲರಿಗೂ ಮೊದಲೇ ಹೇಳಲಿ. ಮೊದಲು ಬಂದವರಿಗೆ ಕೊಡಲಿ. ಕೂಡಿ ಬಂದರೆ ಅವರೆದುರೇ ಚೀಟಿ ಎತ್ತಲಿ. ಅಡ್ಡಹೆಸರು ಕರಾರುಪತ್ರ ಬರೆಯುವಾಗ ಕೇಳಿದರೆ ಸಾಕು.

‘ಮನಿ ನಂದು’ ಅನ್ನಬಹುದು. ಚಹಾದಂಗಡಿಯ ಕಪ್ಪು-ಬಸಿಯೂ ಮಾಲಕನದೇ ಆಗಿತ್ತು. ಅಲ್ಲಿ ಕೇಳಿದ ಪ್ರಶ್ನೆಯನ್ನು ಈ ಹೊಸ್ತಿಲಲ್ಲೂ ಕೇಳಬೇಕು.