ಲಕ್ಷ್ಮಿಯ ಉದ್ದ ಎಷ್ಟು?

ಡೇಟಾಬೇಸ್‌ಗಳ ಭಾಷೆಯಾದ ಎಸ್‌ಕ್ಯೂಎಲ್‌ಗೆ 1986ರಿಂದ ಅಧಿಕೃತ ಮಾನಕವಿದೆ. ಆದರೂ ಒರಾಕಲ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಆಡುವುದು ಮೂರು ಬಗೆಯಲ್ಲಿ. ತಂತ್ರಜ್ಞರೇ ಇವನ್ನು ‘ಡಯಲೆಕ್ಟ್’ ಎನ್ನುವುದರಿಂದ ಭಾಷೆಯ ಓದುಗನಾದ ನನಗೂ ಮೂಗು ತೂರಿಸುವ ಹಕ್ಕಿದೆ ಎಂದುಕೊಂಡಿದ್ದೇನೆ.

ಪದವೊಂದರ ಉದ್ದ ಹೇಳುವ ‘ಲೆಂಗ್ತ್’ ಎಂಬ ಫಂಕ್ಷನ್ ತೆಗೆದುಕೊಳ್ಳಿ. ‘ಲಕ್ಷ್ಮಿ’ ಎಂದು ಕೊಟ್ಟರೆ ಯುಟಿಎಫ್-8ರಲ್ಲಿ ಮೈಎಸ್‌ಕ್ಯೂಎಲ್ 21 ಎನ್ನುತ್ತದೆ, ಪೋಸ್ಟ್‌ಗ್ರೆಸ್ 7 ಎನ್ನುತ್ತದೆ. ಮೊದಲನೆಯದು ಎಣಿಸಿದ್ದು ಬೈಟ್‌ಗಳನ್ನು. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಎರಡನೆಯದು ಎಣಿಸಿದ್ದು ಯೂನಿಕೋಡ್ ಸಂಕೇತಗಳನ್ನು: ಲ, ಕ, ಹಲಂತ, ಷ, ಮತ್ತೆ ಹಲಂತ, ಮ, ಗುಡಿಸು. ಮೈಎಸ್‌ಕ್ಯೂಎಲ್‌ನಲ್ಲೂ 7 ಹೇಳುವ ‘ಚಾರ್ ಲೆಂಗ್ತ್’ ಇದೆ, ನಿಜ. ಹಾಗಿದ್ದರೆ ಬೈಟ್ ಎಣಿಸುವುದಕ್ಕೆ ‘ಉದ್ದ’ ಎಂಬ ಒಳ್ಳೆಯ ಹೆಸರನ್ನು ಯಾಕೆ ಕೊಟ್ಟರೋ! ಖಾಲಿ ಹೆಸರಿನ ಉದ್ದ ಕೇಳಿದರೆ ಪೋಸ್ಟ್‌ಗ್ರೆಸ್ ಸೊನ್ನೆ ಎನ್ನುತ್ತದೆ, ಒರಾಕಲ್ ‘ನಲ್’ ಎನ್ನುತ್ತದೆ. ಅದರ ಕಣ್ಣಿಗೆ ಖಾಲಿ ಬಿಟ್ಟಿದ್ದೂ ಗೊತ್ತಿಲ್ಲದ್ದೂ ಒಂದೇ.

ರೋಮನ್ ಲಿಪಿಯಲ್ಲಿ ಬರೆದ ಲಕ್ಷ್ಮಿ ಮಾತ್ರ ಎಲ್ಲ ಕಡೆಯೂ 7. ಇಂಗ್ಲಿಷಿನಲ್ಲಿ ಪರೀಕ್ಷೆ ಮುಗಿಸಿದವರಿಗೆ ಇಲ್ಲೊಂದು ಜಗಳವಿದೆ ಎಂದೇ ತಿಳಿಯುವುದಿಲ್ಲ.

ಈ ಜಗಳಕ್ಕಿಂತ ನನ್ನನ್ನು ಕಾಡುವುದು ಇವುಗಳ ಒಮ್ಮತ. ಲೆಂಗ್ತ್ ಎಲ್ಲೂ 2 ಎನ್ನಲಿಲ್ಲ. ಕಾಗುಣಿತ, ಒತ್ತಕ್ಷರ ಕಲಿತ ಮಗು ಲಕ್ಷ್ಮಿಯಲ್ಲಿ ಎರಡೇ ಅಕ್ಷರ ಎನ್ನುತ್ತದೆ. ಛಂದಸ್ಸು ಓದಿದವರೂ ಎರಡೇ ಎನ್ನುತ್ತಾರೆ. ಇದು ಬರೀ ಲೆಕ್ಕದ ಮಾತಲ್ಲ. ಪದದ ಆರಂಭವನ್ನು ಕತ್ತರಿಸಿಕೊಡುವ ‘ಲೆಫ್ಟ್’ ಫಂಕ್ಷನ್‌ನಿಂದ ಇನಿಷಿಯಲ್ ತೆಗೆದು ನೋಡಿ. ಕುಪ್ಪಳಿ, ವೆಂಕಟಪ್ಪ, ಪುಟ್ಟಪ್ಪ ಈ ಮೂರರಿಂದಲೂ ಒಂದೊಂದು ಸಂಕೇತ ಕೇಳಿದರೆ ಸಿಗುವುದು ‘ಕವಪ’. ಎರಡೆರಡು ಕೇಳಿದರೆ ‘ಕುವೆಪು’, ಸೊನ್ನೆ ಹಾರಿಹೋಯಿತು. ಮೂರು ಮೂರು ಕೇಳಿದರೆ ‘ವೆಂ’ ಸರಿಹೋಗುತ್ತದೆ, ಆದರೆ ಅದರ ಅಕ್ಕಪಕ್ಕ ‘ಕುಪ’, ‘ಪುಟ’ ಬಂದು ಕೂರುತ್ತವೆ. ಯಾವ ಒಂದು ಸಂಖ್ಯೆ ಕೊಟ್ಟರೂ ಕುವೆಂಪು ಬರುವುದಿಲ್ಲ. ಒರಾಕಲ್‌ನಲ್ಲಿ ಲೆಫ್ಟ್ ಇಲ್ಲ, ‘ಸಬ್‌ಸ್ಟರ್’ ಬಳಸಬೇಕು, ಫಲ ಇದೇ.

ಅಕ್ಷರ ಎಣಿಸುವ ಫಂಕ್ಷನ್ ಬರೆದುಕೊಳ್ಳುವುದು ಅಸಾಧ್ಯವೇನಲ್ಲ. ಆದರೆ ಅದನ್ನು ಪ್ರತಿಯೊಬ್ಬರೂ ಹೊಸದಾಗಿ, ಪ್ರತಿ ಡಯಲೆಕ್ಟ್‌ಗೂ ಬೇರೆಯಾಗಿ ಬರೆಯಬೇಕು. ಪುರುಸೊತ್ತು ಯಾರಿಗಿದೆ? ಕನ್ನಡದಲ್ಲೇ ಅಚ್ಚಾದ ಅರ್ಜಿಯಲ್ಲಿ ‘ಹೆಸರನ್ನು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬರೆಯಿರಿ’ ಎಂಬ ಸೂಚನೆ ಕಂಡಾಗಲೆಲ್ಲ ನನಗೆ ಆ ‘ಕವಪ’ ನೆನಪಾಗುತ್ತಾರೆ.