ಮಳಿಗೆಗಳ ನಡುವೆ ಕಳೆದುಹೋದ ಕಟ್ಟಡ
ಪೋಸ್ಟ್-ಫ್ರೇಮ್ ವಸ್ತುಪ್ರದರ್ಶನವೊಂದರ ವಿಮರ್ಶೆ

ಪುಸ್ತಕಕ್ಕೆ ವಿಮರ್ಶೆ ಉಂಟು, ನಾಟಕಕ್ಕೂ ಉಂಟು. ವಸ್ತುಪ್ರದರ್ಶನಕ್ಕೆ ಏಕೆ ಇರಬಾರದು? ನೀವು ವಿದ್ಯಾರ್ಥಿಗಳನ್ನು ಕೃಷಿ ಮೇಳಕ್ಕೋ ಕೈಗಾರಿಕಾ ಪ್ರದರ್ಶನಕ್ಕೋ ಕರೆದುಕೊಂಡು ಹೋಗುವ ಶಿಕ್ಷಕರಾಗಿದ್ದರೆ, ಸಂಜೆ ಬಸ್ಸು ಹತ್ತುವಾಗ ಮಕ್ಕಳ ಕೈಯಲ್ಲಿ ಏನಿರುತ್ತದೆ ಎಂಬುದು ನಿಮಗೆ ಗೊತ್ತು: ಬಣ್ಣದ ಕರಪತ್ರ, ಒಂದೆರಡು ಪೆನ್ನು, ಒಂದು ಚೀಲ. ತಲೆಯಲ್ಲಿ ಏನು ಉಳಿಯಿತು ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯನ್ನು ಇಟ್ಟುಕೊಂಡು ನಾನು ನೋಡಿದ ಒಂದು ಪ್ರದರ್ಶನವನ್ನು ಇಲ್ಲಿ ಪರಿಶೀಲಿಸುತ್ತೇನೆ. ಅದು ನಡೆದದ್ದು ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ನಗರದಲ್ಲಿ. ವಿಷಯ, ಪೋಸ್ಟ್-ಫ್ರೇಮ್ ಕಟ್ಟಡ ನಿರ್ಮಾಣ.

ಈ ಹೆಸರು ಹೊಸತೆನಿಸಿದರೂ ತತ್ತ್ವ ನಿಮಗೆ ಅಪರಿಚಿತವಲ್ಲ. ನೆಲದಲ್ಲಿ ಕಂಬ ಹೂತು, ಮೇಲೆ ಅಡ್ಡ ಕಟ್ಟಿ, ಮಾಡು ಹೊದಿಸುವುದು. ನಮ್ಮ ಮಲೆನಾಡಿನ ಅಡಿಕೆ ಚಪ್ಪರವೂ ಹೂತ ಕಂಬದ ಮೇಲೆಯೇ ನಿಂತಿದೆ. ಅಮೆರಿಕದಲ್ಲಿ ಇದು ಆಧುನಿಕ ರೂಪ ಪಡೆದದ್ದು 1930ರ ದಶಕದಲ್ಲಿ. ಕೃಷಿ ಸಲಹಾ ಸಂಸ್ಥೆಯೊಂದರ ಹೊವರ್ಡ್ ಡೋನ್ ಮತ್ತು ಅವರ ಬಳಿ ಕೆಲಸ ಮಾಡುತ್ತಿದ್ದ ಬರ್ನನ್ ಪರ್ಕಿನ್ಸ್ ಸಂರಕ್ಷಕ ಹಾಕಿದ ಕಂಬಗಳನ್ನು ಬಳಸಿ ಅಗ್ಗದ ಕೊಟ್ಟಿಗೆ ಕಟ್ಟುವ ಕ್ರಮ ರೂಪಿಸಿದರು. ಪರ್ಕಿನ್ಸ್‌ಗೆ 1953ರಲ್ಲಿ ಅದರ ಪೇಟೆಂಟ್ ದೊರೆಯಿತು. ಇಂದು ದುಂಡು ಕಂಬದ ಜಾಗದಲ್ಲಿ ಹಲಗೆಗಳನ್ನು ಒಂದಕ್ಕೊಂದು ಜೋಡಿಸಿ ಮೊಳೆ ಹೊಡೆದ ಚೌಕ ಕಂಬ ಬಂದಿದೆ. ಸಾಮಾನ್ಯ ಅಮೆರಿಕನ್ ಮರದ ಮನೆಯ ಗೋಡೆಯಲ್ಲಿ ಸುಮಾರು 40 ಸೆಂಟಿಮೀಟರಿಗೊಂದು ತೆಳು ಕಂಬವಿದ್ದರೆ, ಇಲ್ಲಿ ಸುಮಾರು 2.4 ಮೀಟರಿಗೊಂದು ದಪ್ಪ ಕಂಬ. ಅದು ನೆಲದೊಳಗೆ 1.2 ಮೀಟರಿನಷ್ಟು ಇಳಿದಿರುತ್ತದೆ. ಕಂಬದ ಮೇಲೆ ಮರದ ಟ್ರಸ್, ಟ್ರಸ್ಸಿನ ಮೇಲೆ ರೀಪು, ರೀಪಿನ ಮೇಲೆ ಉಕ್ಕಿನ ತಗಡು. ನಡುವೆ ಒಂದೂ ಕಂಬವಿಲ್ಲದೆ 18 ಮೀಟರ್ ಅಗಲ ಸಲೀಸಾಗಿ ದಕ್ಕುತ್ತದೆ. ದನದ ಕೊಟ್ಟಿಗೆ, ಟ್ರ್ಯಾಕ್ಟರ್ ಶೆಡ್ಡು, ಕೋಳಿ ಸಾಕಣೆಯ ಮನೆ, ಈಚೆಗೆ ಅಂಗಡಿ, ಚರ್ಚು, ವಾಸದ ಮನೆ, ಎಲ್ಲವೂ ಹೀಗೆ ಏಳುತ್ತಿವೆ. ಈ ಉದ್ಯಮದವರ ರಾಷ್ಟ್ರೀಯ ಸಂಘ ಹಲವು ವರ್ಷಗಳಿಂದ ಇಂಥ ಪ್ರದರ್ಶನಗಳನ್ನು ನಡೆಸುತ್ತ ಬಂದಿದೆ. ಇವು ಸಾಮಾನ್ಯವಾಗಿ ನಡೆಯುವುದು ಚಳಿಗಾಲದಲ್ಲಿ. ನೆಲ ಹೆಪ್ಪುಗಟ್ಟಿ ಗುಂಡಿ ತೋಡುವುದು ಕಷ್ಟವಾದಾಗ ಕಟ್ಟುವವರಿಗೆ ಬಿಡುವು.

ಸಭಾಂಗಣದ ಒಳಗೆ ಹೊಕ್ಕರೆ ಮೊದಲು ಕಿವಿಗೆ ಬೀಳುವುದು ತಗಡು ಉರುಳಿಸುವ ಯಂತ್ರದ ಸದ್ದು. ಸುರುಳಿಯಾಗಿ ಒಳಹೋದ ಚಪ್ಪಟೆ ಉಕ್ಕು ಉಬ್ಬುತಗ್ಗಿನ ಹಾಳೆಯಾಗಿ ಹೊರಬರುತ್ತದೆ. ನಿಂತು ನೋಡುವಂಥ ದೃಶ್ಯ. ಅದರಾಚೆ ಸಾಲುಸಾಲು ಮಳಿಗೆ: ಸ್ಕ್ರೂ, ಬಾಗಿಲು, ಟ್ರಸ್ ಜೋಡಿಸುವ ಹಲ್ಲಿನ ಫಲಕ, ಕಂಬದ ಬುಡಕ್ಕೆ ಹಾಕುವ ಕವಚ, ಬಣ್ಣ, ವಿನ್ಯಾಸದ ತಂತ್ರಾಂಶ. ಪ್ರತಿ ಮಳಿಗೆಯವರೂ ತಮ್ಮ ವಸ್ತುವನ್ನು ಚೆನ್ನಾಗಿ ಬಲ್ಲರು, ತಾಳ್ಮೆಯಿಂದ ವಿವರಿಸುತ್ತಾರೆ. ನನ್ನ ಆಕ್ಷೇಪ ಅವರ ಮೇಲಲ್ಲ. ಪ್ರದರ್ಶನ ಕಟ್ಟಡವನ್ನು ಬಿಡಿ ವಸ್ತುಗಳಾಗಿ ಒಡೆದು ಹರಡಿತ್ತು. ಈ ಕಟ್ಟಡದ ಬಲವಿರುವುದು ಆ ವಸ್ತುಗಳು ಕೂಡುವ ಜಾಗದಲ್ಲಿ. ಕೂಡುವ ಜಾಗವನ್ನು ಮಾರುವ ಮಳಿಗೆ ಅಲ್ಲಿರಲಿಲ್ಲ.

ಇದನ್ನು ಅರಿಯಲು ಒಂದು ಪಾದರಕ್ಷೆಯ ರಟ್ಟಿನ ಪೆಟ್ಟಿಗೆ ಸಾಕು. ಮುಚ್ಚಳ ತೆಗೆದು, ಉದ್ದನೆಯ ಒಂದು ಗೋಡೆಯ ಮೇಲಂಚನ್ನು ನಡುವಿನಲ್ಲಿ ಬೆರಳಿನಿಂದ ಒತ್ತಿರಿ. ಗೋಡೆ ಒಳಕ್ಕೆ ಬಾಗುತ್ತದೆ. ಈಗ ಮುಚ್ಚಳವನ್ನು ಸುತ್ತಲೂ ಅಂಟಿಸಿ ಮತ್ತೆ ಒತ್ತಿ. ಬಹಳ ಮಟ್ಟಿಗೆ ಅಲುಗದು. ಮುಚ್ಚಳ ತನ್ನ ಸಮತಲದಲ್ಲೇ ಬಿಗಿಯಾಗಿ ನಿಂತು, ನಿಮ್ಮ ಬೆರಳಿನ ಬಲವನ್ನು ಎರಡೂ ತುದಿಯ ಚಿಕ್ಕ ಗೋಡೆಗಳಿಗೆ ಒಯ್ದು ಕೊಡುತ್ತದೆ. ಆ ಗೋಡೆಗಳು ಅದನ್ನು ನೆಲಕ್ಕೆ ಇಳಿಸುತ್ತವೆ. ಎಂಜಿನಿಯರುಗಳು ಇದನ್ನು ಡಯಾಫ್ರಮ್ ಕ್ರಿಯೆ ಎನ್ನುತ್ತಾರೆ. ಪೋಸ್ಟ್-ಫ್ರೇಮ್ ಕಟ್ಟಡದ ತಗಡಿನ ಮಾಡು ಮಳೆ ತಡೆಯುವುದರ ಜೊತೆಗೆ ಈ ಮುಚ್ಚಳದ ಕೆಲಸವನ್ನೂ ಮಾಡುತ್ತದೆ. ಅಮೆರಿಕದ ಕೃಷಿ ಎಂಜಿನಿಯರುಗಳ ಸಂಘ ಇದರ ಲೆಕ್ಕಕ್ಕೆಂದೇ 1989ರಲ್ಲಿ ಇಪಿ484 ಎಂಬ ವಿಧಿಯನ್ನು ಹೊರತಂದಿತು.

ಇದರಿಂದ ಎಷ್ಟು ಲಾಭ? ತರಗತಿಯಲ್ಲೇ ಲೆಕ್ಕ ಹಾಕಬಹುದು. ನಮ್ಮ ಐಎಸ್ 875ರ ಮೂರನೆಯ ಭಾಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಮೂಲ ಗಾಳಿವೇಗವನ್ನು ಕೊಡುತ್ತದೆ. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 653 ನ್ಯೂಟನ್ ಒತ್ತಡ. ಕಂಬಗಳ ಅಂತರ 2.4 ಮೀಟರ್ ಆದ್ದರಿಂದ ಒಂದು ಕಂಬದ ಪ್ರತಿ ಮೀಟರ್ ಎತ್ತರಕ್ಕೆ ಸುಮಾರು 1,568 ನ್ಯೂಟನ್ ಬೀಳುತ್ತದೆ. ಕಂಬದ ಎತ್ತರ 4 ಮೀಟರ್ ಎನ್ನಿ. ಬುಡ ಬಿಗಿಯಾಗಿದ್ದು ತಲೆ ಬಿಡುವಾಗಿದ್ದರೆ ಬುಡದಲ್ಲಿನ ಬೆಂಡಿಂಗ್ ಮೊಮೆಂಟ್, ಅಂದರೆ ಕಂಬವನ್ನು ಬಾಗಿಸುವ ಭ್ರಾಮಕ, ಭಾರವನ್ನು ಎತ್ತರದ ವರ್ಗದಿಂದ ಗುಣಿಸಿ 2ರಿಂದ ಭಾಗಿಸಿದಷ್ಟು: ಸುಮಾರು 12,500 ನ್ಯೂಟನ್-ಮೀಟರ್. ಮಾಡು ತಲೆಯನ್ನು ಅಲುಗದಂತೆ ಹಿಡಿದರೆ ಭಾಗಿಸಬೇಕಾದದ್ದು 8ರಿಂದ: ಸುಮಾರು 3,100. ನಾಲ್ಕನೆಯ ಒಂದು ಪಾಲು! ನಿಜವಾದ ಮಾಡು ಪೂರ್ತಿ ಬಿಗಿಯಲ್ಲ. ಅದೂ ಸ್ವಲ್ಪ ಜಗ್ಗುತ್ತದೆ, ಉದ್ದನೆಯ ಕಟ್ಟಡದ ನಡುವಿನಲ್ಲಿ ಹೆಚ್ಚು ಜಗ್ಗುತ್ತದೆ. ಗೋಡೆಯ ಮೇಲಿನ ಒತ್ತಡದ ಗುಣಕಗಳನ್ನೂ ನಾನಿಲ್ಲಿ ಬಿಟ್ಟಿದ್ದೇನೆ. ಆದರೂ ಕಂಬ ತೆಳುವಾಗಿ, ಕಟ್ಟಡ ಅಗ್ಗವಾಗಿ ಬರುವುದರ ಗುಟ್ಟು ಈ ಭಾಗಾಕಾರದಲ್ಲಿ ಇದೆ ಎಂಬುದು ಸ್ಪಷ್ಟ.

ಈಗ ಮಳಿಗೆಗಳಿಗೆ ಮರಳೋಣ. ಅತಿ ಹೆಚ್ಚು ಜನ ಸೇರಿದ್ದು ಬಾಗಿಲಿನ ಮಳಿಗೆಯಲ್ಲಿ. ಗುಂಡಿ ಒತ್ತಿದರೆ ಹೈಡ್ರಾಲಿಕ್ ಬಲದಿಂದ ಇಡೀ ಗೋಡೆಯೇ ಮೇಲಕ್ಕೆ ಮಡಚಿಕೊಳ್ಳುವ ಬಾಗಿಲು. ಕೊಯ್ಲು ಯಂತ್ರ ಒಳಬರಲು ರೈತನಿಗೆ ಇಂಥದೇ ಬೇಕು. ಅದನ್ನು ಎಲ್ಲಿ ಇಡುತ್ತಾರೆ? ಹೆಚ್ಚಾಗಿ ತುದಿಗೋಡೆಯಲ್ಲಿ. ಮಾಡು ತಂದ ಬಲವನ್ನು ನೆಲಕ್ಕೆ ಇಳಿಸಬೇಕಾದ ಗೋಡೆ ಅದೇ ಅಲ್ಲವೆ? ಅಲ್ಲಿ ದೊಡ್ಡ ಬಾಯಿ ತೆರೆದರೆ ಉಳಿದ ಎರಡು ಚಿಕ್ಕ ತುಂಡುಗಳು ಆ ಹೊರೆಯನ್ನು ಹೊರಬೇಕು, ಅವುಗಳ ಬುಡ ಮೇಲೇಳದಂತೆ ಕಟ್ಟಿಹಾಕಬೇಕು. ಇದಕ್ಕೆ ಪರಿಹಾರಗಳಿಲ್ಲ ಎಂದಲ್ಲ. ಎಂಜಿನಿಯರ್ ಲೆಕ್ಕ ಹಾಕಿ ಬಲಪಡಿಸುತ್ತಾರೆ. ನಾನು ಮಳಿಗೆಯ ಯುವಕನನ್ನು ಕೇಳಿದಾಗ ಅವರು ನಗುತ್ತ, "ಅದು ಕಟ್ಟಡದವರಿಗೆ ಬಿಟ್ಟದ್ದು, ನಾವು ಬಾಗಿಲಿನವರು" ಎಂದರು. ಎದುರಿನ ತಗಡಿನ ಮಳಿಗೆಯಲ್ಲಿ ಸಿಕ್ಕಿದ ಉತ್ತರವೂ ಹೆಚ್ಚು ಕಡಿಮೆ ಇದೇ. ಅವರ ಕೋಷ್ಟಕದ ಅಡಿಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿಯಿತ್ತು: ಅಂಕಿಗಳು ತಗಡಿಗೆ ಮಾತ್ರ, ಸ್ಕ್ರೂ ಮತ್ತು ರೀಪುಗಳ ಹೊಣೆ ವಿನ್ಯಾಸಕಾರರದು.

ಸ್ಕ್ರೂ ಎಂದಾಗ ಒಂದು ಮಾತು. ನಮ್ಮಲ್ಲಿ ತಗಡಿನ ಉಬ್ಬಿನ ಮೇಲೆ ತೂತು ಕೊರೆಯುವುದು ಹಳೆಯ ರೂಢಿ. ನೀರು ಹರಿಯುವುದು ತಗ್ಗಿನಲ್ಲಿ, ಆದ್ದರಿಂದ ತೂತು ಉಬ್ಬಿನಲ್ಲಿರಲಿ ಎಂಬ ತರ್ಕ. ಪೋಸ್ಟ್-ಫ್ರೇಮ್ ಕಟ್ಟುವವರು ರಬ್ಬರ್ ವಾಷರ್ ಇರುವ ಸ್ಕ್ರೂವನ್ನು ತಗ್ಗಿನಲ್ಲೇ, ರೀಪಿಗೆ ಒತ್ತಿ ಹಾಕುತ್ತಾರೆ. ಉಬ್ಬಿನಲ್ಲಿ ಹಾಕಿದ ಸ್ಕ್ರೂವಿಗೆ ತಗಡು ಮತ್ತು ರೀಪಿನ ನಡುವೆ ಖಾಲಿ ಜಾಗ ಸಿಗುತ್ತದೆ. ಪಕ್ಕದ ಬಲ ಬಂದಾಗ ಅದು ಓರೆಯಾಗುತ್ತದೆ, ಮುಚ್ಚಳ ಸಡಿಲವಾಗುತ್ತದೆ. ತಗ್ಗಿನ ಸ್ಕ್ರೂ ಓರೆಯಾಗಲು ಎಡೆ ಕಡಿಮೆ. ಇಷ್ಟು ಸೊಗಸಾದ ಪಾಠವಿರುವ ವಸ್ತುವನ್ನು ಅಲ್ಲಿ ಮಾರುತ್ತಿದ್ದುದು ಸೋರುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಹನ್ನೆರಡು ಬಣ್ಣಗಳಲ್ಲಿ ಸಿಗುತ್ತದೆ ಎಂಬ ಮೂರು ಮಾತುಗಳಿಂದ.

ಕಂಬದ ಬುಡದ ವಿಷಯ ಇನ್ನೂ ಗಂಭೀರ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ತೇವವೂ ಬೇಕು, ಆಮ್ಲಜನಕವೂ ಬೇಕು. ನೆಲದಿಂದ ಮೇಲೆ ಮರ ಒಣಗಿರುತ್ತದೆ. ತೇವಾಂಶ ಶೇ. 20ಕ್ಕಿಂತ ಕೆಳಗಿದ್ದರೆ ಕೊಳೆತ ಹತ್ತದು. ಆಳದಲ್ಲಿ ಗಾಳಿ ಸಾಲದು. ಎರಡೂ ಹದವಾಗಿ ಸೇರುವುದು ನೆಲಮಟ್ಟದ ಆಸುಪಾಸಿನ ಒಂದು ಗೇಣಿನಲ್ಲಿ. ಬೇಲಿಯ ಗೂಟ ಮುರಿಯುವುದು ಎಲ್ಲಿ ಎಂದು ನೆನಪಿಸಿಕೊಳ್ಳಿ. ಮೇಲೆ ಲೆಕ್ಕ ಹಾಕಿದ ಭ್ರಾಮಕ ಹೆಚ್ಚಾಗಿರುವುದೂ ಅಲ್ಲೇ. ಆದ್ದರಿಂದ ಸಂರಕ್ಷಕ ಈ ಉದ್ಯಮದ ಪ್ರಾಣ.

ಇಲ್ಲಿ ನಮಗೆ ಸೇರಿದ ಒಂದು ಕಥೆಯಿದೆ, ಆ ಸಭಾಂಗಣದಲ್ಲಿ ಯಾರೂ ಹೇಳದ ಕಥೆ. ಬಹುಕಾಲ ಅಮೆರಿಕದ ಕಂಬಗಳನ್ನು ಕಾದದ್ದು ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಮಿಶ್ರಣ, ಸಿಸಿಎ. ಅದನ್ನು 1933ರಲ್ಲಿ ರೂಪಿಸಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ. ತಾಮ್ರ ಶಿಲೀಂಧ್ರವನ್ನು ತಡೆಯುತ್ತದೆ, ಆರ್ಸೆನಿಕ್ ಗೆದ್ದಲನ್ನು ದೂರವಿಡುತ್ತದೆ, ಕ್ರೋಮಿಯಂ ಇವೆರಡೂ ಮಳೆಗೆ ತೊಳೆದುಹೋಗದಂತೆ ಮರದೊಳಗೆ ಕಟ್ಟಿಹಾಕುತ್ತದೆ. ಆರ್ಸೆನಿಕ್‌ನ ಭಯದಿಂದ 2003ರ ಕೊನೆಗೆ ಅಮೆರಿಕದಲ್ಲಿ ಮನೆಬಳಕೆಯ ಬಹುಪಾಲು ಮರದಿಂದ ಇದನ್ನು ತಯಾರಕರೇ ಹಿಂದೆಗೆದುಕೊಂಡರು. ಕೃಷಿ ಕಟ್ಟಡದ ಕಂಬಗಳಿಗೆ ಬಳಕೆ ಮುಂದುವರಿಯಿತು. ನೆಲದಲ್ಲಿ ಹೂಳುವ ಇಂಥ ಕಂಬಗಳಿಗೆ ಅಲ್ಲಿನ ಮಾನಕ ಘನ ಮೀಟರಿಗೆ 9.6 ಕಿಲೋಗ್ರಾಂ ಸಿಸಿಎ ಉಳಿದಿರಬೇಕೆನ್ನುತ್ತದೆ. ಕಂಬದ ತುದಿಗೆ ಹೊಡೆದ ಚಿಕ್ಕ ಚೀಟಿಯಲ್ಲಿ ಈ ವಿವರ ಇರುತ್ತದೆ. ಮಳಿಗೆಯ ಕಂಬಗಳಲ್ಲೂ ಚೀಟಿ ಇತ್ತು, ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದರು. ಬೇಕೆಂದೇ ಅಲ್ಲವೆಂದು ನಂಬುತ್ತೇನೆ.

ಸಿಸಿಎಗೆ ಬದಲಾಗಿ ಬಂದ ಹಲವು ಮಿಶ್ರಣಗಳಲ್ಲಿ ತಾಮ್ರ ಹೆಚ್ಚು, ಕ್ರೋಮಿಯಂ ಇಲ್ಲ. ಅಂಥ ಒದ್ದೆ ಮರಕ್ಕೆ ತಾಗಿದ ಉಕ್ಕಿನ ಸತುವಿನ ಲೇಪ ಬೇಗ ಸವೆಯುತ್ತದೆ. ಮೊಳೆ, ಸ್ಕ್ರೂ, ಗೋಡೆಯ ತಳದ ತಗಡು ಎಲ್ಲಕ್ಕೂ ಇದು ಅನ್ವಯಿಸುತ್ತದೆ. ದಪ್ಪ ಲೇಪದ ಮೊಳೆ ಬೇಕು, ತಗಡು ಮತ್ತು ಮರದ ನಡುವೆ ತಡೆ ಬೇಕು. ಬಣ್ಣದ ಮಳಿಗೆಯಲ್ಲಿ ದೊಡ್ಡಕ್ಷರದಲ್ಲಿ 40 ವರ್ಷಗಳ ಖಾತರಿ ಇತ್ತು. ಅದರ ಷರತ್ತುಗಳನ್ನು ಓದಿದೆ. ಪ್ರಾಣಿಗಳನ್ನು ಕೂಡಿಹಾಕುವ ಕಟ್ಟಡಗಳಿಗೆ ಖಾತರಿ ಇಲ್ಲ. ಸಗಣಿ ಗಂಜಲದಿಂದೇಳುವ ಅಮೋನಿಯ ಲೋಹಕ್ಕೆ ಒಳ್ಳೆಯದಲ್ಲ, ಆದ್ದರಿಂದ ಷರತ್ತು ನ್ಯಾಯವೇ. ಆದರೆ ಆ ಫಲಕದ ಹಿನ್ನೆಲೆಯಲ್ಲಿ ಹಾಕಿದ್ದ ಚಿತ್ರ ಹಸುಗಳ ಕೊಟ್ಟಿಗೆಯದು!

ಕೊಳೆತವನ್ನು ತಪ್ಪಿಸುವ ಇನ್ನೊಂದು ದಾರಿ, ಮರವನ್ನು ಹೂಳದೆ ಕಾಂಕ್ರೀಟ್ ದಿಂಡಿನ ಮೇಲೆ ಉಕ್ಕಿನ ಹಿಡಿಕೆಯಲ್ಲಿ ನಿಲ್ಲಿಸುವುದು. ಕೊಳೆತದ ಮಟ್ಟಿಗೆ ಒಳ್ಳೆಯ ಉಪಾಯ. ಆದರೆ ಹೂತ ಕಂಬ ಭ್ರಾಮಕವನ್ನು ಮಣ್ಣಿಗೆ ಒಪ್ಪಿಸುತ್ತದೆ. ಹಿಡಿಕೆ ಅಷ್ಟನ್ನು ಒಪ್ಪಿಸಬಲ್ಲುದೇ ಎಂಬುದನ್ನು ಪರೀಕ್ಷೆ ಮಾತ್ರ ಹೇಳಬೇಕು. ಅದು ಬಾಗಿಲ ಕೀಲಿನಂತೆ ತಿರುಗುವಂತಿದ್ದರೆ ಕಂಬದ ತಲೆ ಮಾಡಿಗೆ ಕೊಡುವ ಬಲ ನಮ್ಮ ಉದಾಹರಣೆಯಲ್ಲಿ 2,352 ನ್ಯೂಟನ್‌ನಿಂದ 3,136ಕ್ಕೆ ಏರುತ್ತದೆ, ಅಂದರೆ ಮೂರನೆಯ ಒಂದು ಪಾಲು ಹೆಚ್ಚು. ಬುಡದಲ್ಲಿ ಮಾಡಿದ ಬದಲಾವಣೆ ಮಾಡಿನ ಸ್ಕ್ರೂಗಳ ಮೇಲೆ ಹೋಗಿ ಕೂರುತ್ತದೆ. ಸಭಾಂಗಣದಲ್ಲಿ ಈ ಎರಡು ಮಳಿಗೆಗಳ ನಡುವೆ ಐವತ್ತು ಹೆಜ್ಜೆ ದೂರವಿತ್ತು.

ಮೆಚ್ಚತಕ್ಕದ್ದೂ ಇತ್ತು. ಒಂದು ಮೂಲೆಯಲ್ಲಿ ಹಳೆಯ ಕಟ್ಟಡದಿಂದ ಕಿತ್ತ ಕಂಬವನ್ನು ಉದ್ದುದ್ದ ಸೀಳಿ ಇಟ್ಟಿದ್ದರು. ಸಂರಕ್ಷಕ ಎಷ್ಟು ಒಳಗೆ ಇಳಿದಿದೆ, ತಿರುಳು ಎಲ್ಲಿ ಮೆತ್ತಗಾಗಿದೆ ಎಂದು ಮುಟ್ಟಿ ನೋಡಬಹುದಿತ್ತು. ಕರಪತ್ರ ಒಂದೂ ಇರಲಿಲ್ಲ, ಆದರೆ ಅಲ್ಲಿ ನಿಂತವರು ಬೇಗ ಕದಲಲಿಲ್ಲ. ಮೇಲಿನ ಮಹಡಿಯ ಉಪನ್ಯಾಸಗಳಲ್ಲಿ ಡಯಾಫ್ರಮ್ ಲೆಕ್ಕವನ್ನು ಸೊಗಸಾಗಿ ಬಿಡಿಸಿದರು. ಅದಕ್ಕೆ ಬೇರೆ ಟಿಕೆಟ್ಟು. ಕೇಳಲು ಬಂದವರು ಬಹುತೇಕ ಎಂಜಿನಿಯರುಗಳು. ಕೆಳಗೆ ಬಾಗಿಲಿನ ಗುಂಡಿ ಒತ್ತುತ್ತಿದ್ದ ಬಡಗಿಗಳು ಮೇಲೆ ಕಾಣಲಿಲ್ಲ.

ಆ ಬಡಗಿಗಳಿಗೇ ಇದು ಹೆಚ್ಚು ಬೇಕು. ತಗಡು ಹೊದಿಸುವ ತನಕ ಮುಚ್ಚಳವಿಲ್ಲ. ಮುಗಿದ ಕಟ್ಟಡಕ್ಕೆಂದು ಲೆಕ್ಕ ಹಾಕಿದ ತೆಳು ಕಂಬ ಅಷ್ಟು ದಿನ ಬಿಡುತಲೆಯದು, ಹಿಂದಿನ ಲೆಕ್ಕದ 12,500ರ ಸ್ಥಿತಿಯಲ್ಲಿ ನಿಂತಿರುತ್ತದೆ. ಟ್ರಸ್‌ಗಳು ಅಡ್ಡಡ್ಡ ಬೀಳದಂತೆ ಹಿಡಿಯಲು ತಾತ್ಕಾಲಿಕ ಓರೆಗಂಬಗಳ ಹೊರತು ಬೇರೇನೂ ಇರುವುದಿಲ್ಲ. ಒಂದು ವಾಲಿದರೆ ಸಾಲಾಗಿ ಎಲ್ಲವೂ ವಾಲುತ್ತವೆ. ಕೆಲಸಗಾರರು ಕಟ್ಟಡದ ಮೇಲಿರುವುದು ಸರಿಯಾಗಿ ಅದೇ ದಿನಗಳಲ್ಲಿ. ಇಡೀ ಪ್ರದರ್ಶನದಲ್ಲಿ ಓರೆಗಂಬದ ಮಳಿಗೆ ನನಗೆ ಕಾಣಲಿಲ್ಲ. ಕೆಲಸ ಮುಗಿದ ಮೇಲೆ ಬಿಚ್ಚಿ ಎಸೆಯುವ ಮರದ ಪಟ್ಟಿಯನ್ನು ಯಾರು ಮಾರುತ್ತಾರೆ?

ನಿಮ್ಮ ಶಾಲೆಯ ಹತ್ತಿರದ ಯಾವುದೇ ಮೇಳಕ್ಕೆ ಹೋದಾಗ ಪ್ರತಿ ವಿದ್ಯಾರ್ಥಿಗೂ ಎರಡು ಮಳಿಗೆಗಳನ್ನು ಗೊತ್ತುಮಾಡಿ. ಈ ವಸ್ತು ಆ ವಸ್ತುವಿಗೆ ಎಲ್ಲಿ ತಾಗುತ್ತದೆ, ತಾಗಿದಲ್ಲಿ ಯಾವ ಬಲ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ ಎಂದು ಎರಡೂ ಕಡೆ ಕೇಳಿಕೊಂಡು ಬರಲಿ. ಹೋಗುವ ಮುನ್ನ ಆ ರಟ್ಟಿನ ಪೆಟ್ಟಿಗೆಯನ್ನು ಮತ್ತೊಮ್ಮೆ ಹೊರತೆಗೆಯಿರಿ. ಮುಚ್ಚಳ ಅಂಟಿಸಿದ್ದು ಹಾಗೆಯೇ ಇರಲಿ. ತುದಿಯ ಒಂದು ಚಿಕ್ಕ ಗೋಡೆಯನ್ನು, ಎರಡೂ ಅಂಚಿನಲ್ಲಿ ಎರಡೆರಡು ಬೆರಳಗಲ ಉಳಿಸಿ, ಬಾಗಿಲಿನಂತೆ ಕತ್ತರಿಸಿ. ಈಗ ಮುಂಚಿನ ಜಾಗದಲ್ಲೇ ಒತ್ತಿ, ಯಾವ ತುದಿ ಮೊದಲು ಓರೆಯಾಗುತ್ತದೆ ನೋಡಿ.